ಫಿನಾಯಿಲ್‌ಗೂ ಇಲಿ ಪಾಷಾಣಕ್ಕೂ ನಡುವೆ

ಹರಿದ ಕಾಗದವನ್ನು ಪೊರಕೆಯಿಂದ ಗುಡಿಸಲು ಬರುವುದಿಲ್ಲ. ನೆಲಕ್ಕೆ ದಪ್ಪ ರತ್ನಗಂಬಳಿ ಹಾಸಿದ್ದರಂತೂ ಆಗುವುದೇ ಇಲ್ಲ. ಚೂರುಗಳು ಎಳೆಗಳಿಗೆ ಕಚ್ಚಿಕೊಳ್ಳುತ್ತವೆ. ಗುಡಿಸಿದಷ್ಟೂ ಒಳಕ್ಕೆ ಹೋಗುತ್ತವೆ. ಕಸ ಎಳೆಯುವ ಯಂತ್ರ ಒಂದಿತ್ತು. ಕಾಗದ ನುಂಗಿ ನುಂಗಿ ಕೊಳವೆ ಕಟ್ಟಿಕೊಂಡು ಅದು ಮೂಲೆ ಸೇರಿ ಎರಡು ವರ್ಷವಾಗಿತ್ತು. ಹಾಗಾಗಿ ಮೊಳಕಾಲೂರಿ, ಬೆರಳ ತುದಿ ಒದ್ದೆ ಮಾಡಿಕೊಂಡು, ಒಂದೊಂದೇ ಚೂರನ್ನು ಆರಿಸಬೇಕು. ಶಾಸನಸಭೆಯ ಅಷ್ಟು ದೊಡ್ಡ ಸಭಾಂಗಣಕ್ಕೆ ಆರಿಸುವವರು ಮೂವರು ಹೆಂಗಸರು. ಅವರಿಗೆ ಸಿಗುವುದು ಏಳು ನಿಮಿಷ.

ಗದ್ದಲ ಹೆಚ್ಚಾದಾಗ ಸದನವನ್ನು ಹತ್ತು ನಿಮಿಷ ಮುಂದೂಡುತ್ತಾರೆ. ಸದಸ್ಯರು ಎದ್ದು ಮೊಗಸಾಲೆಗೆ ಹೋಗಲು ಎರಡು ನಿಮಿಷ. ಮತ್ತೆ ಗಂಟೆ ಹೊಡೆಯುವುದಕ್ಕೆ ಒಂದು ನಿಮಿಷ ಮುಂಚೆ ಹೆಂಗಸರು ಯಾರ ಕಣ್ಣಿಗೂ ಬೀಳದಂತೆ ಹಿಂಬಾಗಿಲಿನಿಂದ ಮರೆಯಾಗಬೇಕು. ಉಳಿದದ್ದು ಏಳು. ಅಷ್ಟರಲ್ಲಿ ಯಾರಾದರೂ ಸದಸ್ಯರು ಮರೆತ ಕನ್ನಡಕಕ್ಕೋ ಮೊಬೈಲಿಗೋ ಒಳಗೆ ಬಂದರೆ ಕೆಲಸ ನಿಲ್ಲಿಸಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅವರು ಹೋದ ಮೇಲೆ ಮತ್ತೆ ಮೊಳಕಾಲು.

ಸಭಾಧ್ಯಕ್ಷರು ಶಿಸ್ತಿನ ಮನುಷ್ಯ. ಕಸ ಬಿದ್ದ ಸದನಕ್ಕೆ ತಾನು ಕಾಲಿಡುವುದಿಲ್ಲ ಎಂದು ಅಧಿಕಾರಕ್ಕೆ ಬಂದ ದಿನವೇ ಹೇಳಿದ್ದರು. ಪತ್ರಿಕೆಗಳು ಅದನ್ನು ಹೊಗಳಿ ಬರೆದಿದ್ದವು. ನಿಯಮ ಅವರದು. ಅದನ್ನು ಪಾಲಿಸುತ್ತಿದ್ದದ್ದು ಈ ಮೂವರ ಮೊಳಕಾಲು.

ಮೂವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಜಗತ್ತಿನಲ್ಲಿ ಯಾರ ಮುಂದೆಯೂ ದನಿ ಎತ್ತಿದವಳಲ್ಲ. ಕಿರಿಯಳು ಚೂಟಿ. ಕೈಯೂ ಚುರುಕು, ಬಾಯಿಯೂ ಚುರುಕು. ನಡುವಿನವಳು ಟೀಚರಮ್ಮ. ಅವಳು ಟೀಚರಲ್ಲ. ಹತ್ತನೇ ತರಗತಿ ಪಾಸಾಗಿ, ಟೀಚರಾಗಬೇಕು ಅಂದುಕೊಂಡು, ಮದುವೆಯಾಗಿ, ಅತ್ತೆಯ ಸೊಂಟ ಬಿದ್ದುಹೋದಾಗ ಅತ್ತೆಯ ಜಾಗಕ್ಕೆ ಈ ಕೆಲಸಕ್ಕೆ ಬಂದವಳು. ಇವರಿಗೆ ಕೂರಲು ಕೊಟ್ಟಿದ್ದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹಳೇ ಪೇಪರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಹೆಸರು ಅಂಟಿಕೊಂಡಿತು. ಹದಿನೇಳು ವರ್ಷವಾಯಿತು.

ಹದಿನೇಳು ವರ್ಷವೂ ತಾತ್ಕಾಲಿಕ. ಹೋದ ವರ್ಷ ಒಂದು ಸಮಿತಿ ಕೂತು, ಈ ಮೂವರನ್ನು ಕಾಯಂ ಮಾಡಬೇಕು ಎಂದು ಶಿಫಾರಸು ಬರೆದು ಸಹಿ ಹಾಕಿತ್ತು. ಕಡತ ಮೇಲೆ ಹೋಗಿತ್ತು. ಟೀಚರಮ್ಮನ ಬಲ ಮೊಳಕಾಲಿನ ಚಿಪ್ಪಿನ ಕೆಳಗೆ ನೀರು ತುಂಬಿಕೊಂಡಿತ್ತು. ಆಪರೇಷನ್ ಮಾಡಿ ಸರಿಪಡಿಸದಿದ್ದರೆ ಇನ್ನೆರಡು ವರ್ಷಕ್ಕೆ ಕಾಲು ಮಡಚಲು ಬರುವುದಿಲ್ಲ ಅಂದಿದ್ದರು ಡಾಕ್ಟರು. ಕಾಯಂ ಆದವರಿಗೆ ನೌಕರರ ಆಸ್ಪತ್ರೆಯ ಚೀಟಿ ಸಿಗುತ್ತದೆ. ಹಾಗಾಗಿ ಅವಳಿಗೆ ಕಾಯಂ ಅಂದರೆ ಸಂಬಳವಲ್ಲ, ಮರ್ಯಾದೆಯೂ ಅಲ್ಲ. ಒಂದು ಮೊಳಕಾಲು.

ಅಧಿವೇಶನದ ಕೊನೆಯ ಮೂರು ದಿನ ತೆರಿಗೆ ಮತ್ತು ಆಡಳಿತ ಸುಧಾರಣಾ ಮಸೂದೆಯ ಚರ್ಚೆ. ಮೊದಲನೇ ದಿನವೇ ವಿರೋಧ ಪಕ್ಷದವರು ಪೀಠದ ಮುಂದಿನ ಖಾಲಿ ಜಾಗಕ್ಕೆ ನುಗ್ಗಿದರು. ನಲವತ್ತು ಜನ. ನಲವತ್ತು ಪ್ರತಿ. ನಡುವೆ ಒಮ್ಮೆ ಸೀಳಿ, ಮಡಚಿ ಮತ್ತೊಮ್ಮೆ ಸೀಳಿ, ಮೇಲಕ್ಕೆ ತೂರಿದರು. ಸದನವನ್ನು ಮುಂದೂಡಿದರು. ಹೆಂಗಸರು ಒಳಗೆ ಬಂದರು.

"ಅಬ್ಬಾ, ಒಂದು ಕಾಗದದ ಕಾರ್ಖಾನೇನೇ ಹರಿದು ಹಾಕಿದಾರೆ," ಅಂದಳು ಚೂಟಿ ಪಿಸುದನಿಯಲ್ಲಿ.

"ಬಾಯಿ ಮುಚ್ಚು. ಮೈಕು ಆನ್ ಇರುತ್ತೆ," ಅಂದಳು ದೊಡ್ಡಕ್ಕ.

ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದ. ಅವನು ಗುತ್ತಿಗೆದಾರನ ಕಡೆಯವನು. ಯಾವಾಗ ನೋಡಿದರೂ ಗಡಿಯಾರವನ್ನೇ ನೋಡುತ್ತಿದ್ದುದರಿಂದ ಹೆಂಗಸರು ಅವನನ್ನು ಬೆನ್ನ ಹಿಂದೆ ಗಡಿಯಾರ ಅನ್ನುತ್ತಿದ್ದರು.

"ಐದು ನಿಮಿಷ ಆಯ್ತು. ಏನ್ ನಿದ್ದೆ ಮಾಡ್ತಿದೀರಾ? ಕೈ ಆಡಿಸಿ, ಕೈ."

ಟೀಚರಮ್ಮ ಕೈ ಆಡಿಸುತ್ತಿದ್ದಳು. ಮೊಳಕಾಲಿನಲ್ಲಿ ಸೂಜಿ ಆಡುತ್ತಿತ್ತು. ಬೆರಳಿಗೆ ಅಂಟಿದ ಒಂದು ಚೂರಿನಲ್ಲಿ "ಶುಚಿತ್ವದ ಹೆಂಗ" ಎಂದಿತ್ತು. ಅಲ್ಲಿಗೆ ಹರಿದಿತ್ತು. ಅವಳು ಅದನ್ನು ಚೀಲಕ್ಕೆ ಹಾಕಲಿಲ್ಲ. ನಿಲುವಂಗಿಯ ಜೇಬಿಗೆ ಹಾಕಿಕೊಂಡಳು.

ಸದನದ ಕಾಗದ ಹೊರಗೆ ಒಯ್ಯುವಂತಿಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ ಮಧ್ಯಾಹ್ನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಸದ ಚೀಲಗಳ ಬಾಯಿ ಬಿಚ್ಚಿ ಕೂತಳು.

"ಏನ್ ಹುಡುಕ್ತಿದೀಯೆ? ಚಿನ್ನದ ಓಲೆ ಕಳಕೊಂಡ್ಯಾ?" ಅಂದಳು ಚೂಟಿ.

"ನಮ್ಮ ವಿಷಯ ಏನೋ ಬರೆದಿದೆ ಕಣೆ ಇದರಲ್ಲಿ."

"ನಮ್ಮ ವಿಷಯಾನಾ? ನಮ್ಮ ವಿಷಯ ಬರೆಯೋಕೆ ಅವರಿಗೇನು ಬೇರೆ ಕೆಲಸ ಇಲ್ವಾ?"

ಹುಡುಕುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ನಲವತ್ತು ಪ್ರತಿ ಹರಿದಿದ್ದರೆ ಒಂದೇ ಪುಟ ನಲವತ್ತು ಸಲ ಇರುತ್ತದೆ. ಒಂದು ಪ್ರತಿಯ ಚೂರಿನಲ್ಲಿ ತಪ್ಪಿಹೋದ ಪದ ಇನ್ನೊಂದರ ಚೂರಿನಲ್ಲಿ ಸಿಗುತ್ತದೆ. ಅಂಚುಗಳು ಹೊಂದುವುದಿಲ್ಲ, ಸಾಲುಗಳು ಹೊಂದುತ್ತವೆ. ನೆಲದಿಂದ ಆರಿಸಿ ಬದುಕುವವರಿಗಷ್ಟೇ ಇದು ಗೊತ್ತಿರುತ್ತದೆ. ಸಂಜೆಯ ಹೊತ್ತಿಗೆ ಅವಳ ಜೇಬು ಉಬ್ಬಿತ್ತು.

ಮನೆಯಲ್ಲಿ ಎರಡೇ ಕೋಣೆ. ಗಂಡ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವನು, ಇನ್ನೂ ಬಂದಿರಲಿಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿ ಅತ್ತೆ ಒಂದು ಮಗ್ಗುಲಾಗಿ ಮಲಗಿದ್ದಳು. ನೇರ ಮಲಗಲು ಬೆನ್ನು ಬಿಡುತ್ತಿರಲಿಲ್ಲ. ಟೀಚರಮ್ಮ ಒಲೆಯ ಮೇಲೆ ಮೈದಾ ಹಿಟ್ಟು ಕಾಯಿಸಿ ಅಂಟು ಮಾಡಿ, ನೆಲದ ಮೇಲೆ ಚೂರುಗಳನ್ನು ಹರಡಿ, ಒಂದು ಹಾಳೆಗೆ ಅಂಟಿಸತೊಡಗಿದಳು.

"ಏನದು, ಆ ಜನದ ಎಂಜಲನ್ನ ಮನೆಗೂ ತಂದ್ಯಾ?" ಅಂದಳು ಅತ್ತೆ.

"ಎಂಜಲಲ್ಲ ಅತ್ತೆ, ಕಾಗದ."

"ಅಲ್ಲಿ ಕಾಗದಾನೂ ಎಂಜಲೇ. ಇಪ್ಪತ್ತೆರಡು ವರ್ಷ ಎತ್ತಿದೀನಿ, ನನಗೆ ಹೇಳ್ತೀಯಾ?"

"ನಿಮ್ಮ ಕಾಲದಲ್ಲೂ ಹರೀತಿದ್ರಾ?"

"ಹರೀದೆ ಏನು? ಆಗ ಕಾಗದ ಒರಟು. ದೊಡ್ಡ ದೊಡ್ಡ ಚೂರು ಬೀಳ್ತಿತ್ತು. ಈಗಿನವರಿಗೆ ಕೈ ಪಳಗಿದೆ." ಅತ್ತೆ ತಲೆ ಹೊರಳಿಸಿದಳು. "ಏನಿದೆ ಅದರಲ್ಲಿ? ಓದು."

ಟೀಚರಮ್ಮ ಓದಿದಳು. ಅನುಸೂಚಿ ಏಳು. ಸರ್ಕಾರ ಖರೀದಿಸಬಹುದಾದ ಸಾಮಗ್ರಿ ಮತ್ತು ಸೇವೆಗಳು. ಹನ್ನೊಂದು, ಫಿನಾಯಿಲ್ ಮತ್ತಿತರ ದ್ರಾವಣ. ಹನ್ನೆರಡು, ಶುಚಿತ್ವದ ಹೆಂಗಸರು, ತಲಾ. ಹದಿಮೂರು, ಇಲಿ ಪಾಷಾಣ. ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ. ಹನ್ನೆರಡನೇ ಬಾಬಿನ ಮೇಲಿನ ತೆರಿಗೆಯನ್ನು ಗುತ್ತಿಗೆದಾರರು ತಲಾ ಕೂಲಿಯಿಂದ ಹಿಡಿದುಕೊಳ್ಳತಕ್ಕದ್ದು. ಸದರಿ ಬಾಬಿನವರನ್ನು ಕಾಯಂ ಮಾಡುವ ಬಗ್ಗೆ ಈ ಹಿಂದೆ ಮಾಡಿದ ಎಲ್ಲ ಶಿಫಾರಸುಗಳೂ ರದ್ದು.

ಅತ್ತೆ ಕಿಟಕಿಯತ್ತ ನೋಡಿದಳು. ಪಕ್ಕದ ಮನೆಯಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು. ಬಕೆಟ್ಟು ತುಂಬಿ, ನಲ್ಲಿ ನಿಂತಿತು.

"ಇಲಿ ಪಾಷಾಣಕ್ಕೆ ಎಷ್ಟು ಹಾಕಿದಾರೆ?"

"ನೂರಕ್ಕೆ ಐದು."

"ನಮಗೆ?"

"ಹದಿನೆಂಟು."

"ಪರವಾಗಿಲ್ಲ ಬಿಡು. ಇಲಿ ಪಾಷಾಣಕ್ಕಿಂತ ನಮ್ಮ ರೇಟು ಜಾಸ್ತಿ."

ನಕ್ಕಳು. ನಕ್ಕರೆ ಬೆನ್ನು ಹಿಡಿಯುತ್ತಿತ್ತು. ಅರ್ಧಕ್ಕೇ ನಿಲ್ಲಿಸಿ ಹಲ್ಲು ಕಚ್ಚಿದಳು.

"ವಿರೋಧ ಪಕ್ಷದವರಿಗೆ ಇದು ಗೊತ್ತಿಲ್ಲ ಅನ್ಸುತ್ತೆ ಅತ್ತೆ," ಅಂದಳು ಟೀಚರಮ್ಮ. "ಇಷ್ಟು ದಪ್ಪ ಪುಸ್ತಕ. ಕೊನೇ ಪುಟಗಳು ಯಾರ ಕಣ್ಣಿಗೂ ಬಿದ್ದಿರಲ್ಲ. ತೋರಿಸಿದ್ರೆ ಕೇಳ್ತಾರೆ. ಬಡವರ ಪರ ಅಂತಾನೇ ಅಲ್ವಾ ಹರಿದಿದ್ದು?"

"ಹರಿಯೋನು ಓದಿ ಹರೀತಾನೆ ಅಂದ್ಕೊಂಡ್ಯಾ?"

"ತೋರಿಸಿ ನೋಡ್ತೀನಿ."

"ನೋಡು. ನಾನು ಬಗ್ಗಿದವಳು, ಇವತ್ತಿನವರೆಗೆ ಎದ್ದಿಲ್ಲ. ನೀನಾದರೂ ನೋಡು."

ಎರಡನೇ ದಿನ ವಿರೋಧ ಪಕ್ಷದ ನಾಯಕರ ಕೊಠಡಿಯ ಪಕ್ಕದ ಶೌಚಾಲಯ ತೊಳೆಯುವ ಪಾಳಿಯನ್ನು ಟೀಚರಮ್ಮ ಚೂಟಿಯಿಂದ ಕೇಳಿ ತೆಗೆದುಕೊಂಡಳು. ಬೇಸಿನ್ನನ್ನು ಮೂರು ಸಲ ಉಜ್ಜಿದಳು. ನಾಯಕರು ಕೈ ತೊಳೆಯಲು ಬಂದಾಗ ಗೋಡೆಗೆ ಮುಖ ಮಾಡಲಿಲ್ಲ. ಅಂಟಿಸಿದ ಪುಟವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟಳು.

"ಸ್ವಾಮಿ, ಇದೊಂದು ಪುಟ. ಕೊನೇಲಿದೆ. ನಮ್ಮ ಬಗ್ಗೆ."

ನಾಯಕರು ಒದ್ದೆ ಕೈಯಲ್ಲೇ ತೆಗೆದುಕೊಂಡು ಓದಿದರು. ನಿಜವಾಗಿ ಓದಿದರು. ಹುಬ್ಬು ಗಂಟಾಯಿತು.

"ತಲಾ? ಸಾಮಾನಿನ ಪಟ್ಟೀಲಿ ಮನುಷ್ಯರನ್ನ ತಲಾ ಅಂತ ಬರೆದಿದಾರಾ?"

"ಹೌದು ಸ್ವಾಮಿ. ಕಾಯಂ ಕಡತಾನೂ ರದ್ದು ಅಂತ ಇದೆ."

"ಎಷ್ಟು ವರ್ಷದಿಂದ ಇದೀಯಮ್ಮಾ?"

"ಹದಿನೇಳು."

"ಘೋರ ಅನ್ಯಾಯ ಇದು. ನಾಳೆ ನನ್ನ ಮೊದಲನೇ ಮಾತೇ ಇದು. ನೋಡ್ತಾ ಇರು." ಪುಟವನ್ನು ತಮ್ಮ ಮಸೂದೆಯ ಪ್ರತಿಯೊಳಗೆ ಇಟ್ಟುಕೊಂಡರು. ಅವಳು ಕೈ ಮುಗಿದಳು. ಮುಗಿದ ಕೈಯಲ್ಲಿ ಸೋಪಿನ ನೊರೆ ಇತ್ತು.

ಮೆಟ್ಟಿಲ ಕೆಳಗೆ ಬಂದು ಹೇಳಿದಾಗ ಚೂಟಿ ಅವಳನ್ನು ತಬ್ಬಿಕೊಂಡಳು. ದೊಡ್ಡಕ್ಕ ಮಾತ್ರ, "ಗಡಿಯಾರಕ್ಕೆ ಗೊತ್ತಾದರೆ ಮೂವರನ್ನೂ ಮನೆಗೆ ಕಳಿಸ್ತಾನೆ," ಅಂದಳು. ಆದರೂ ಅವತ್ತು ಬುತ್ತಿ ಬಿಚ್ಚುವಾಗ ಅವಳ ಮುಖ ಸ್ವಲ್ಪ ಸಡಿಲವಾಗಿತ್ತು.

ಮೂರನೇ ದಿನ ಆ ಕೋಣೆಯಲ್ಲಿ ಮೂವರೂ ತಲೆಕೆಳಗು ಮಾಡಿದ ಬಕೆಟ್ಟುಗಳ ಮೇಲೆ ಕೂತಿದ್ದರು. ಯಾವಾಗ ಕರೆ ಬರುತ್ತದೆ ಎಂದು ತಿಳಿಯಲು ಆ ಕೋಣೆಗೊಂದು ಸ್ಪೀಕರ್ ಹಾಕಿದ್ದರು. ಸದನದ ಮಾತೆಲ್ಲ ಅದರಲ್ಲಿ ಬರುತ್ತಿತ್ತು. ಇಷ್ಟು ವರ್ಷ ಅದು ಬರೀ ಸದ್ದು. ಇವತ್ತು ಮೂವರೂ ಅದರತ್ತ ಕುತ್ತಿಗೆ ಚಾಚಿದ್ದರು.

ವಿರೋಧ ಪಕ್ಷದ ನಾಯಕರು ಎದ್ದರು. ಮೊದಲನೇ ಮಾತು ಹೋಟೆಲ್ ಕೋಣೆಗಳ ಮೇಲಿನ ತೆರಿಗೆಯದು. ಎರಡನೆಯದು ಕಲ್ಲುಗಣಿಗಳದು. ಮೂರನೆಯದು ನಿವೇಶನದ ನೋಂದಣಿಯದು.

"ಬರುತ್ತೆ ಇರು," ಅಂದಳು ಚೂಟಿ. "ದೊಡ್ಡ ಜನ, ಸುತ್ತಿ ಬಳಸಿ ಬರ್ತಾರೆ."

ಹಣಕಾಸು ಮಂತ್ರಿ ನಡುವೆ ಎದ್ದು, ರಾಜ್ಯ ಮುಂದೆ ಹೋಗಬೇಕಾದರೆ ಎಲ್ಲರೂ ಸ್ವಲ್ಪ ಭಾರ ಹೊರಲೇಬೇಕು ಅಂದರು. ಆಡಳಿತದ ಕೊಬ್ಬು ಕರಗಿಸಬೇಕು ಅಂದರು.

ಚೂಟಿ ತನ್ನ ತೋಳು ಹಿಡಿದು ನೋಡಿಕೊಂಡಳು. "ಕೊಬ್ಬು ಎಲ್ಲಿದೆ ದೊಡ್ಡಕ್ಕ? ನಿನ್ನ ಹತ್ರ ಇದ್ರೆ ಬೇಗ ಕೊಟ್ಟುಬಿಡು."

ದೊಡ್ಡಕ್ಕ ನಗಲಿಲ್ಲ.

ನಾಯಕರ ಮಾತು ಒಂದು ಗಂಟೆ ನಡೆಯಿತು. ಬಡವರು ಅನ್ನುವ ಪದ ಅದರಲ್ಲಿ ಮತ್ತೆ ಮತ್ತೆ ಬಂತು. ಹನ್ನೆರಡನೇ ಬಾಬು ಬರಲಿಲ್ಲ. ಕೊನೆಗೆ, "ಇದು ಬಡವರ ಹೊಟ್ಟೆಯ ಮೇಲೆ ಹೊಡೆಯುವ ಮಸೂದೆ, ಇದಕ್ಕೆ ತಕ್ಕ ಜಾಗ ನೆಲ!" ಎಂಬ ಕೂಗು. ಆಮೇಲೆ ಕಾಗದ ಸೀಳುವ ಸದ್ದು. ಸ್ಪೀಕರಿನಲ್ಲಿ ಅದು ಬಟ್ಟೆ ಹರಿದಂತೆ ಕೇಳಿಸಿತು.

ಟೀಚರಮ್ಮ ಬಕೆಟ್ಟಿನಿಂದ ಎದ್ದು ಚೀಲ ತೆಗೆದುಕೊಂಡಳು. ಸದನವನ್ನು ಹತ್ತು ನಿಮಿಷ ಮುಂದೂಡಿದ್ದರು.

ಸಭಾಂಗಣದಲ್ಲಿ ಯಾರೂ ಇರಲಿಲ್ಲ. ಖಾಲಿ ಕುರ್ಚಿಗಳ ಚರ್ಮ ಇನ್ನೂ ಬೆಚ್ಚಗಿತ್ತು. ಅವಳು ನಾಯಕರ ಕುರ್ಚಿಯ ಮುಂದಿನ ಸಾಲಿಗೆ ಬಂದು ಮೊಳಕಾಲೂರಿದಳು. ಚಿಪ್ಪು ಕಟಕ್ ಅಂದಿತು. ಒಂದು, ಎರಡು, ಮೂರು, ಬೆರಳು ತಾನಾಗಿ ಆರಿಸುತ್ತಿತ್ತು. ಆಗ ಒಂದು ಚೂರು ಬೆರಳಿಗೆ ಬೇರೆ ಥರ ಸಿಕ್ಕಿತು. ಬಾಗಲಿಲ್ಲ. ಗಟ್ಟಿಯಾಗಿತ್ತು. ತಿರುಗಿಸಿ ನೋಡಿದಳು. ಹಿಂದೆ ಒಣಗಿದ ಮೈದಾ ಅಂಟು. ಮುಂದೆ "ತಲಾ".

ಅವಳು ಅಂಟಿಸಿದ ಪುಟ. ಅದನ್ನೂ ಸೇರಿಸಿ ಹರಿದಿದ್ದರು.

ಅವಳಿಗೆ ಅಳು ಬರಲಿಲ್ಲ. ಕಿವಿಯೊಳಗೆ ಏನೋ ಮುಚ್ಚಿಕೊಂಡಂತಾಯಿತು. ಅದು ಅವಳಿಗೆ ಪರಿಚಿತ. ಗೋಡೆಗೆ ಮುಖ ಮಾಡಿ ನಿಂತಾಗಲೆಲ್ಲ ಹೀಗೇ ಆಗುತ್ತಿತ್ತು. ಹೆಜ್ಜೆ ಸದ್ದು ದಾಟಿಹೋಗುವವರೆಗೆ ಅವಳು ಆ ಮುಚ್ಚಿದ ಕಿವಿಯೊಳಗೆ ಬದುಕುತ್ತಿದ್ದಳು. ಇವತ್ತು ಗೋಡೆ ಇರಲಿಲ್ಲ. ಮುಂದೆ ಖಾಲಿ ಸದನವಿತ್ತು. ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. ಮೊಳಕಾಲನ್ನು ಮೆಲ್ಲಗೆ ನೀಡಿ, ಎರಡೂ ಕಾಲು ಚಾಚಿ, ರತ್ನಗಂಬಳಿಯ ಮೇಲೆ ಕುಂಡೆಯೂರಿ ಕೂತುಬಿಟ್ಟಳು.

"ಏಯ್! ಏನದು? ನಾಲ್ಕೇ ನಿಮಿಷ ಇದೆ!" ಗಡಿಯಾರ ಓಡಿ ಬಂದ.

"ಆರಿಸಲ್ಲ."

"ಏನು?"

"ನಾನು ಆರಿಸಲ್ಲ."

"ಮೈ ಹುಷಾರಿಲ್ವಾ? ಆಚೆ ಹೋಗಿ ಕೂತ್ಕೋ. ಏ ಚೂಟಿ, ಇವಳ ಸಾಲೂ ನೀನೇ ನೋಡು."

ಚೂಟಿ ಟೀಚರಮ್ಮನ ಕೈಯಲ್ಲಿದ್ದ ಚೂರು ನೋಡಿದಳು. ಬಂದು ಪಕ್ಕದಲ್ಲಿ ಕೂತಳು. ಗಡಿಯಾರ ದೊಡ್ಡಕ್ಕನ ಕಡೆ ತಿರುಗಿದ. ಅವಳು ಇನ್ನೂ ಆರಿಸುತ್ತಿದ್ದಳು. ತಲೆ ಎತ್ತಿರಲಿಲ್ಲ.

"ನೀನೊಬ್ಬಳೇ ಬುದ್ಧಿ ಇರೋಳು. ಬೇಗ ಬೇಗ ಎತ್ತು," ಎಂದು ಗಡಿಯಾರ ಮೂವರೂ ತುಂಬುತ್ತಿದ್ದ ದೊಡ್ಡ ಕಸದ ಚೀಲವನ್ನು ಕಾಲಲ್ಲಿ ಅವಳತ್ತ ಒದ್ದ. ಚೀಲ ಬಂದು ಅವಳ ಮುಖಕ್ಕೆ ತಾಗಿತು.

ದೊಡ್ಡಕ್ಕ ಕೆನ್ನೆ ಒರೆಸಿಕೊಂಡಳು. ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದರ ತಳ ಹಿಡಿದು ಎತ್ತಿ ತಲೆಕೆಳಗು ಮಾಡಿದಳು. ಅಷ್ಟು ಹೊತ್ತು ಮೂವರೂ ಆರಿಸಿದ್ದೆಲ್ಲ ಮತ್ತೆ ನೆಲಕ್ಕೆ ಬಿತ್ತು. ಕೊನೆಯ ಚೂರು ಬೀಳುವ ತನಕ ಚೀಲ ಕೊಡವಿದಳು. ಆಮೇಲೆ ಕೂತಳು.

ಗಡಿಯಾರ ಗಡಿಯಾರ ನೋಡುವುದನ್ನು ಮರೆತ.

ಗಂಟೆ ಹೊಡೆಯಲಿಲ್ಲ. ಸಭಾಧ್ಯಕ್ಷರು ತಮ್ಮ ಕೊಠಡಿಯಲ್ಲೇ ಉಳಿದರು. ಅಧಿವೇಶನ ಅವತ್ತು ಸಂಜೆ ಐದಕ್ಕೆ ಮುಗಿಯಬೇಕು, ಅಷ್ಟರಲ್ಲಿ ಮಸೂದೆ ಆಗಬೇಕು. ಮೊಗಸಾಲೆಯಲ್ಲಿ ಸುದ್ದಿ ಹಬ್ಬಿತು. ಮೊದಲು ಮಾರ್ಷಲ್ ಬಂದ. ಗಡುಸಾದ ಮನುಷ್ಯ, ಆದರೆ ಹೆಂಗಸರನ್ನು ಮುಟ್ಟುವಂತಿರಲಿಲ್ಲ. ಮಹಿಳಾ ಮಾರ್ಷಲ್‌ಗಳು ಊರಿನ ಇನ್ನೊಂದು ತುದಿಯ ಕಚೇರಿಯಲ್ಲಿದ್ದರು, ಕರೆಕಳಿಸಿದ. ಆಮೇಲೆ ವಿರೋಧ ಪಕ್ಷದ ನಾಯಕರೇ ಬಂದರು. ಬಗ್ಗಿ, ಮೆಲುದನಿಯಲ್ಲಿ ಮಾತಾಡಿದರು.

"ತಾಯಿ, ನಿಮ್ಮಂಥವರಿಗೋಸ್ಕರಾನೇ ನಾವು ಇಷ್ಟೆಲ್ಲ ಹೋರಾಡ್ತಿರೋದು. ಸದನ ಸೇರದಿದ್ರೆ ನಿಮ್ಮ ಪರ ಮಾತಾಡೋದಾದ್ರೂ ಎಲ್ಲಿ? ನಮ್ಮವರು ಇನ್ನೂ ಇಬ್ಬರು ಮಾತಾಡೋರಿದಾರೆ. ಒಂದೈದು ನಿಮಿಷ, ಎತ್ತಿಬಿಡಿ."

ಟೀಚರಮ್ಮ ಚೂರನ್ನು ಅಂಗೈಯಲ್ಲಿಟ್ಟು ತೋರಿಸಿದಳು.

"ಏನಿದು?" ಅಂದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಅದು ಅವರ ಮುಖದಲ್ಲಿ ಕಂಡಿತು. ಮರೆತವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಳ್ಳುಗಾರನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕಿಂತ ಕಷ್ಟ ಎಂದು ಅವಳಿಗೆ ಅನಿಸಿತು.

"ನೀವು ಹರಿದಿದ್ದು," ಅಂದಳು. "ನೀವೇ ಆರಿಸಿ."

ನಾಯಕರು ನೆಟ್ಟಗಾದರು. ಬಾಗಿಲಲ್ಲಿ ನಿಂತಿದ್ದ ಹಣಕಾಸು ಮಂತ್ರಿಯ ಕಡೆ ನೋಡಿದರು. ಮಂತ್ರಿ ಇವರ ಕಡೆ ನೋಡಿದರು.

"ಇವರನ್ನ ಯಾರೋ ಎತ್ತಿಕಟ್ಟಿದಾರೆ," ಅಂದರು ಮಂತ್ರಿ.

"ಅದು ಸ್ಪಷ್ಟವಾಗಿ ಕಾಣ್ತಾ ಇದೆ," ಅಂದರು ನಾಯಕರು.

ಮೂರು ದಿನದಲ್ಲಿ ಎರಡೂ ಕಡೆಯವರು ಒಪ್ಪಿದ ಮೊದಲ ಮಾತು ಅದು.

ಇನ್ನೂ ಮೂವತ್ತು ನಿಮಿಷ ಹೋಯಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಗಂಟೆ ಹೊಡೆಯಿತು. ಸಭಾಧ್ಯಕ್ಷರು ಬಂದರು. ಬಾಗಿಲಲ್ಲಿ ಒಂದು ಕ್ಷಣ ನಿಂತು ನೆಲ ನೋಡಿದರು. ನಂತರ ಕಾಗದವನ್ನು ತುಳಿದುಕೊಂಡೇ ನಡೆದು ಹೋಗಿ ಪೀಠದಲ್ಲಿ ಕೂತರು. ಇಷ್ಟೇನಾ ಅಂದುಕೊಂಡಳು ಟೀಚರಮ್ಮ. ತನ್ನ ಚಿಪ್ಪಿನ ಕೆಳಗೆ ನೀರು ತುಂಬಿಸಿದ ನಿಯಮ ಇಷ್ಟು ಸುಲಭವಾಗಿ ದಾಟುವಂಥದ್ದಾಗಿತ್ತು. ಆಕಾಶ ಕಳಚಿ ಬೀಳಲಿಲ್ಲ. ಅವರ ಬೂಟಿಗೆ ಎರಡು ಚೂರು ಅಂಟಿದ್ದವು, ಅಷ್ಟೆ.

ಅಷ್ಟರಲ್ಲಿ ಮಹಿಳಾ ಮಾರ್ಷಲ್‌ಗಳು ಬಂದು ಮೂವರ ರಟ್ಟೆ ಹಿಡಿದು ಎಬ್ಬಿಸಿ ಹಿಂಬಾಗಿಲ ಕಡೆ ಎಳೆಯತೊಡಗಿದ್ದರು. ಟೀಚರಮ್ಮನ ಬಲಗಾಲು ನೆಲಕ್ಕೆ ಉಜ್ಜುತ್ತಿತ್ತು. ಅದೇ ಹೊತ್ತಿಗೆ ನಾಯಕರು, "ಈ ಸರ್ವಾಧಿಕಾರವನ್ನು ಪ್ರತಿಭಟಿಸಿ ನಾವು ಸಭಾತ್ಯಾಗ ಮಾಡುತ್ತೇವೆ," ಎಂದು ಕೂಗಿದರು. ನಲವತ್ತು ಜನ ಘೋಷಣೆ ಹಾಕುತ್ತಾ ಹೊರಗೆ ಹೋದರು. ಹೊರಗೆ ಕ್ಯಾಮರಾಗಳು ಕಾಯುತ್ತಿದ್ದವು.

ಮತಕ್ಕೆ ಹಾಕುವಾಗ ಬಾಗಿಲು ಹಾಕಬೇಕು. ಹಾಕಿದರು. ಹಿಂಬಾಗಿಲೂ ಮುಚ್ಚಿತು. ಮೂವರು ಹೆಂಗಸರು, ಅವರ ರಟ್ಟೆ ಹಿಡಿದ ಮಾರ್ಷಲ್‌ಗಳು, ಒಳಗೇ ಉಳಿದರು.

"ಮಿಸುಕಬೇಡ," ಎಂದು ಮಾರ್ಷಲ್ ಹುಡುಗಿ ಕಿವಿಯ ಹತ್ತಿರ ಅಂದಳು. ಹಿಡಿತ ಮಾತ್ರ ಸ್ವಲ್ಪ ಸಡಿಲಿಸಿದಳು. "ಎರಡು ನಿಮಿಷ. ಮುಗಿದ್ಹೋಗುತ್ತೆ."

ಸಭಾಧ್ಯಕ್ಷರು ಮಸೂದೆಯನ್ನು ಧ್ವನಿಮತಕ್ಕೆ ಹಾಕಿದರು. "ಪರವಾಗಿರುವವರು ಹೌದು ಎನ್ನಿ."

"ಹೌದು!" ಎಂದಿತು ಒಂದು ಕಡೆಯ ಸದನ.

"ವಿರುದ್ಧವಾಗಿರುವವರು ಇಲ್ಲ ಎನ್ನಿ."

ಇನ್ನೊಂದು ಕಡೆ ಖಾಲಿ ಕುರ್ಚಿಗಳು. ಮೈಕುಗಳು ತಲೆ ಬಾಗಿಸಿ ನಿಂತಿದ್ದವು. ಸಭಾಧ್ಯಕ್ಷರು ರೂಢಿಯಂತೆ ಒಂದು ಉಸಿರಿನಷ್ಟು ಕಾದರು. ಅದು ಯಾರೂ ಏನೂ ಹೇಳುವುದಿಲ್ಲ ಎಂದು ಗೊತ್ತಿದ್ದು ಬಿಡುವ ಜಾಗ. ಟೀಚರಮ್ಮನಿಗೆ ಆ ಜಾಗ ಕಂಡಿತು. ಕೋಣೆಯಷ್ಟು ದೊಡ್ಡದಾಗಿ ಕಂಡಿತು.

"ಇಲ್ಲ," ಅಂದಳು.

ಕೂಗಲಿಲ್ಲ. ಮನೆಯಲ್ಲಿ ಮಾತಾಡುವಷ್ಟೇ ದನಿ. ಅಂಥ ಕಟ್ಟಡದಲ್ಲಿ ಅಷ್ಟೇ ಸಾಕು.

ತಲೆಗಳು ತಿರುಗಿದವು. ಖಾಲಿ ಕುರ್ಚಿಗಳ ಕಡೆ ತಿರುಗಿದವು, ಮೇಲೆ ಗ್ಯಾಲರಿಯ ಕಡೆ ತಿರುಗಿದವು. ಹಿಂಗೋಡೆಯ ಕಡೆ ತಿರುಗಲು ಹೊತ್ತು ಹಿಡಿಯಿತು.

"ಇಲ್ಲ," ಅಂದಳು ಚೂಟಿ.

ದೊಡ್ಡಕ್ಕನಿಗೆ ದನಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡಳು. ಇಡೀ ಸದನ ಅವಳು ಗಂಟಲು ಸರಿಮಾಡಿಕೊಳ್ಳುವುದನ್ನು ಕೇಳಿತು. "ಇಲ್ಲ ಸ್ವಾಮಿ," ಅಂದಳು.

ವರದಿಗಾರ ಗುಮಾಸ್ತ ಲೇಖನಿ ಎತ್ತಿ ಪೀಠದತ್ತ ನೋಡಿದ. ಸಭಾಧ್ಯಕ್ಷರು ಕೆಳಗೆ ನೋಡದೆ, "ಅದು ಕಡತಕ್ಕೆ ಹೋಗಬಾರದು. ಸದನದಲ್ಲಿ ಅಂಥದ್ದೇನೂ ನಡೆದಿಲ್ಲ," ಅಂದರು. "ವಿರೋಧವಿಲ್ಲದೆ ಮಸೂದೆ ಅಂಗೀಕಾರವಾಗಿದೆ."

ಮೇಜು ತಟ್ಟಿದರು. ಐದು ಗಂಟೆಯಾಯಿತು.

ಹೊರಗೇಟಿನ ಪಕ್ಕದ ಗೂಡಿನಂಥ ಕೊಠಡಿಯಲ್ಲಿ ಗುಮಾಸ್ತನೊಬ್ಬ ದಪ್ಪ ರಿಜಿಸ್ಟರು ತೆರೆದು ಕೂತಿದ್ದ. ಒಳಗೆ ಬರುವ ಪಾಸು ರದ್ದಾದವರು ಅದರಲ್ಲಿ ಸಹಿ ಹಾಕಿ ಪಾಸು ಒಪ್ಪಿಸಬೇಕು. ಸಹಿಯಾದ ಮೇಲೆ ಅವನು ಮುದ್ರೆ ಒತ್ತಿ ಗೇಟಿನ ಅಡ್ಡಗಂಬ ಎತ್ತಿಸುತ್ತಾನೆ. ಮೂವರೂ ಕತ್ತಿನಿಂದ ಪಾಸು ತೆಗೆದು ಮೇಜಿನ ಮೇಲಿಟ್ಟರು. ಬೆವರಿಗೆ ದಾರದ ಬಣ್ಣ ಕತ್ತಿಗೆ ಹತ್ತಿತ್ತು.

"ಕಾರಣ ಏನು ಸಾರ್ ಬರೀಲಿ?" ಎಂದು ಗುಮಾಸ್ತ ಮಾರ್ಷಲ್‌ನನ್ನು ಕೇಳಿದ.

"ಅಶಿಸ್ತು ಅಂತ ಹಾಕು."

ಟೀಚರಮ್ಮ ರಿಜಿಸ್ಟರಿನ ಮೇಲೆ ಕೈಯಿಟ್ಟಳು. "ಏನು ಅಶಿಸ್ತು ಅಂತ ಬರೀರಿ."

"ಕೈ ತೆಗಿಯಮ್ಮಾ."

"ನಾವು ಏನು ಮಾಡಿದ್ವಿ ಅಂತ ಬರೀರಿ. ಸದನದಲ್ಲಿ ಇಲ್ಲ ಅಂದ್ವಿ. ಅದನ್ನ ಬರೀರಿ."

ಮಾರ್ಷಲ್‌ಗೆ ಸಿಟ್ಟು ಬಂತು. "ಅಂಥದ್ದೇನೂ ನಡೆದಿಲ್ಲ ಅಂತ ಅಧ್ಯಕ್ಷರೇ ಹೇಳಿದಾರೆ. ಕೇಳಿಸ್ಲಿಲ್ವಾ?"

"ನಡೆದೇ ಇಲ್ಲದಿದ್ರೆ ಪಾಸು ಯಾಕೆ ಕಿತ್ಕೊಳ್ತೀರಿ?"

ಮಾರ್ಷಲ್ ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಒಂದು ಕಾರು ಬಂದು ನಿಂತು ಹಾರ್ನ್ ಹೊಡೆಯಿತು. ಅದರ ಹಿಂದೆ ಇನ್ನೊಂದು. ಅಧಿವೇಶನ ಮುಗಿದಿತ್ತು, ಎಲ್ಲರಿಗೂ ಮನೆಗೆ ಹೋಗುವ ಆತುರ. ಅಡ್ಡಗಂಬ ಕೆಳಗೇ ಇತ್ತು.

"ಸಹಿ ಹಾಕಿ ಹೋಗಮ್ಮಾ, ದೊಡ್ಡವರ ಗಾಡಿ ನಿಂತಿದಾವೆ," ಎಂದು ಗುಮಾಸ್ತ ಅಂಗಲಾಚಿದ.

"ಬರೀರಿ, ಹಾಕ್ತೀನಿ. ಬರೀದಿದ್ರೆ ಇಲ್ಲೇ ನಿಂತಿರ್ತೀನಿ. ನನಗೆ ಈಗ ಏಳು ನಿಮಿಷದ ಲೆಕ್ಕ ಇಲ್ಲ."

ಹಾರ್ನುಗಳು ಹೆಚ್ಚಾದವು. ಮಾರ್ಷಲ್ ಕಾರುಗಳತ್ತ ನೋಡಿದ, ಮುಖ ಬೇರೆ ಕಡೆ ತಿರುಗಿಸಿ, "ಏನಾದ್ರೂ ಬರೆದು ಸಾಯಿ," ಅಂದ.

ಗುಮಾಸ್ತ ಬರೆದ. ಟೀಚರಮ್ಮ ಬಗ್ಗಿ, ಒಂದೊಂದೇ ಪದಕ್ಕೆ ಬೆರಳಿಟ್ಟು, ಹಿಂದೆ ನಿಂತಿದ್ದ ಇಬ್ಬರಿಗೂ ಕೇಳಿಸುವಂತೆ ಓದಿದಳು. "ಕಾರಣ: ಸದನದಲ್ಲಿ ಮಸೂದೆಗೆ ಇಲ್ಲ ಎಂದದ್ದಕ್ಕೆ." ತಾರೀಕು ಸರಿಯಾಗಿದೆಯೇ ನೋಡಿದಳು. ಆಮೇಲೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಚೂಟಿ ಮುಂದೆ ಬಂದಳು. ಅವಳಿಗೂ ಗುಮಾಸ್ತ ಅದನ್ನೇ ಬರೆದ. ಕೊನೆಗೆ ದೊಡ್ಡಕ್ಕ. ಅವಳಿಗೆ ಓದು ಬರದು. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು, ಒತ್ತುವ ಮುಂಚೆ ಕೈ ಮೇಲೆತ್ತಿ ಹಿಡಿದು ಕೇಳಿದಳು.

"ನಂದಕ್ಕೆ ಏನು ಬರೆದೆಯಪ್ಪಾ?"

"ಮೇಲಿನಂತೆ ಅಂತ ಹಾಕಿದೀನಿ ಅಜ್ಜಿ. ಅದೇ ಅರ್ಥ."

"ಮೇಲಿನಂತೆ ಬೇಡ," ಅಂದಳು ದೊಡ್ಡಕ್ಕ. "ಹೊಡೆದು ಹಾಕು. ನಂದೂ ಪೂರ್ತಿ ಬರಿ."